ಎರಡನೇ ಮಹಡಿಯ ಈರನಗೆರೆ

ತಾರಸಿಗೆ ಬೀಗ. ಅಲ್ಲಿ ಓನರಮ್ಮನ ಹಪ್ಪಳ ಒಣಗಬೇಕು.
ಮೆಟ್ಟಿಲ ಮೇಲೆ ಇಟ್ಟರೆ ಕಾಲಿಗೆ ಅಡ್ಡ.
"ಬಾಡಿಗೆಗೆ ಕೊಟ್ಟಿದ್ದು ಮನೆ ಕಣಮ್ಮ, ತೋಟ ಅಲ್ಲ."
ಸರಿ ಅಂದೆ. ಒಳಗೆ ತಂದೆ.

ಹತ್ತು ಲೀಟರಿನ ಪೇಂಟಿನ ಡಬ್ಬ,
ಯಾರದೋ ಗೋಡೆಯ ನೀಲಿ ಅಂಚಿಗಿನ್ನೂ ಅಂಟಿಕೊಂಡಿದೆ.
ಕಾದ ದಬ್ಬಳದಲ್ಲಿ ತಳಕ್ಕೆ ಆರು ತೂತು.

ಬೀಜ ಕೊಟ್ಟವಳು ಕೆಂಪಾಜಮ್ಮ,
ಹಣ್ಣಾಗಿ ಹಳದಿಗೆ ತಿರುಗಿದ ಕಾಯಿ ಹಿಸುಕಿ,
ಬೂದಿಯಲ್ಲಿ ಹೊರಳಿಸಿ, ಹಳೇ ಕ್ಯಾಲೆಂಡರಿನಲ್ಲಿ ಮಡಿಚಿ,
ಬೀಜದ ಬೆನ್ನಿಗೆ ಯಾವುದೋ ವರ್ಷದ ಅಮಾವಾಸ್ಯೆ.
"ನಮ್ಮಪ್ಪ ಇಲ್ಲೇ, ಈಗ ನೀನು ಮಲಗೋ ಜಾಗದಲ್ಲೇ
ಬದನೆ ಬೆಳೀತಿದ್ದ. ಬೇರೆ ಮಣ್ಣಿಗೆ ಹಾಕಿದರೆ
ಕಾಯಿ ಬರುತ್ತೆ, ರುಚಿ ಬರಲ್ಲ."
ನಾನು ಮಲಗೋದು ನೆಲದಿಂದ ಇಪ್ಪತ್ತು ಅಡಿ ಮೇಲೆ.
ಅದನ್ನು ಹೇಳಲಿಲ್ಲ.

ಮಣ್ಣು ಸಿಕ್ಕಿದ್ದು ಮೂರನೇ ಕ್ರಾಸಿನಲ್ಲಿ, ಪಾಯ ತೋಡುವಾಗ.
ಮೇಲೆ ಜಲ್ಲಿ, ಅದರ ಕೆಳಗೆ ಪ್ಲಾಸ್ಟಿಕ್ಕು, ಹೆಂಚಿನ ಚೂರು,
ಅದರ ಕೆಳಗೆ ಅದು:
ಕಪ್ಪಗೆ, ತಣ್ಣಗೆ, ಒಂದು ಬಸವನಹುಳದ ಚಿಪ್ಪಿನ ಸಮೇತ.
ಮೇಸ್ತ್ರಿ ಚಿಕ್ಕಬೋರ ಮೂರು ಬಾಣಲಿ ಸುರಿದ.
"ಲಾರಿಗೆ ತುಂಬಿ ರಿಂಗ್ ರೋಡ್ ಆಚೆ ಹಾಕೋ ಮಣ್ಣು, ತಗೊಳಿ."
ಬದಲಿಗೆ ಅವನ ಮಗಳ ಸ್ಕೂಲ್ ಲಂಗದ ಅಂಚು ಬಿಚ್ಚಿ
ಎರಡು ಇಂಚು ಇಳಿಸಿಕೊಟ್ಟೆ.

ಕಿಟಕಿ ಪೂರ್ವಕ್ಕಿದೆ ಅನ್ನೋದು ಹೆಸರಿಗೆ.
ಎದುರು ಮನೆಯ ನೀರಿನ ಟ್ಯಾಂಕು, ಅದರ ಪಕ್ಕ ಒಂದು ಸಂದು,
ಆ ಸಂದಿನಿಂದ ಬರುವ ಬಿಸಿಲು ಒಂದು ರವಿಕೆ ಕಣದಷ್ಟು.
ಮಾರ್ಕಿಂಗ್ ಚಾಕಿನಲ್ಲಿ ನೆಲಕ್ಕೆ ಗುರುತು ಹಾಕಿದೆ:
ಎಂಟಕ್ಕೆ ಇಲ್ಲಿ, ಒಂಬತ್ತೂವರೆಗೆ ಟ್ರಂಕಿನ ಹತ್ತಿರ,
ಹನ್ನೊಂದಕ್ಕೆ ಮಿಷನ್ನಿನ ಕಾಲಿಗೆ.
ಹೊಲಿದೆ, ಎದ್ದೆ, ತಳ್ಳಿದೆ, ಕೂತೆ, ಹೊಲಿದೆ.
ಕೆಂಪು ನೆಲದಲ್ಲಿ ಡಬ್ಬದ ದಾರಿ ಬಿದ್ದಿದೆ, ಗಾಡಿಜಾಡಿನ ಹಾಗೆ.

ಕೊರಳ ಟೇಪಿನಲ್ಲಿ ಅಳೆದೆ: ಹತ್ತೊಂಬತ್ತು ಇಂಚು.
ಮುಂದಿನ ಶುಕ್ರವಾರ ಇಪ್ಪತ್ತೊಂದೂವರೆ.
ಬೆಳೆಯೋ ಮಕ್ಕಳಿಗೆ ಹೊಲಿಯುವಾಗ ಒಳಗೆ ಬಟ್ಟೆ ಬಿಡುತ್ತೇವಲ್ಲ,
ಇದಕ್ಕೆ ಎಲ್ಲಿ ಬಿಡಲಿ?

ಹೂ ಬಂತು. ನೇರಳೆ, ತಲೆ ತಗ್ಗಿಸಿ, ನಡುವೆ ಹಳದಿ ಮೂತಿ.
ಮೂರನೇ ದಿನ ತೊಟ್ಟು ಸಮೇತ ಉದುರಿತು.
ಇನ್ನೊಂದು ಬಂತು, ಉದುರಿತು.
ಹನ್ನೊಂದು ಹೂ. ಗುಂಡಿ ಡಬ್ಬಿಯಲ್ಲಿ ಹಾಕಿಟ್ಟೆ, ಯಾಕೋ.
"ಒಳಗೆ ದುಂಬಿ ಬರಲ್ಲ ಕಣವ್ವ" ಅಂದಳು ಕೆಂಪಾಜಮ್ಮ,
"ನೀನು ಬೇರೆ ಸೊಳ್ಳೆ ಪರದೆ ಹೊಡೆದಿದೀಯ."

ಗೌರಿ ಹಬ್ಬಕ್ಕೆ ಮುಂಚೆ ಕೆಲಸ ಮೈಮೇಲೆ ಬಿತ್ತು.
ಇಪ್ಪತ್ತಾರು ರವಿಕೆ, ಜೊತೆಗೆ ನೂರ್ ಆಯಿಷಾಳ ಮದುವೆ ಬಟ್ಟೆ.
ಡಬ್ಬ ತಳ್ಳಲು ಏಳೋಕೆ ಪುರಸೊತ್ತಿಲ್ಲ.
ಎತ್ತಿ ಸ್ಟೂಲಿನ ಮೇಲೆ, ಮಿಷನ್ನಿಗೆ ತಾಗಿಸಿ ಇಟ್ಟೆ,
ವಾಲುತ್ತಿದ್ದ ಕೊಂಬೆಯನ್ನು
ನೂಲುಂಡೆಯ ಕಡ್ಡಿಗೆ ಕಟ್ಟಿದೆ.
ರಾತ್ರಿ ಒಂದರವರೆಗೆ ಮೋಟಾರು.
ಕೊಂಬೆ ನಡುಗಿತು, ಹೂ ನಡುಗಿತು,
ಆಯಿಷಾಳ ಕಪ್ಪು ವೆಲ್ವೆಟ್ ತೋಳಿನ ಮೇಲೆ
ಅರಿಶಿನದಂಥ ಧೂಳು. ಬೈದುಕೊಂಡು ಒರೆಸಿದೆ.

ಹಬ್ಬ ಕಳೆದ ವಾರಕ್ಕೆ
ಹೂ ಬಾಡಿದೆ, ಬಿದ್ದಿಲ್ಲ.
ತೊಟ್ಟು ದಪ್ಪಗಾಗಿದೆ. ಮುಳ್ಳಿನ ಟೋಪಿಯ ಕೆಳಗೆ
ಹಸಿರು, ಉಗುರಿನಷ್ಟು.

ಅವತ್ತು ಕೈಯಲ್ಲಿ ಕೆಲಸವಿರಲಿಲ್ಲ.
ಹಲಗೆಯ ಮೇಲೆ ಬಟ್ಟೆಯಿಲ್ಲ, ಸೂಜಿಯಲ್ಲಿ ನೂಲಿಲ್ಲ,
ಅರ್ಧ ಗಂಟೆ ಮಿಷನ್ ಓಡಿಸಿದೆ.
ಕೆಳಗಿನಿಂದ ಓನರಮ್ಮ: "ಭಾನುವಾರವೂ ಹೊಲೀತೀಯಾ?"
"ಹೂಂ ಅಮ್ಮ, ಅರ್ಜೆಂಟು."

ನಾಲ್ಕು ಕಾಯಿ. ಒಂದು ಗಿಡದಲ್ಲೇ ಇರಲಿ, ಹಳದಿಯಾಗಲಿ.
ಮೂರನ್ನು ಎಣ್ಣೆಗಾಯಿ ಮಾಡಿ
ಕೆಂಪಾಜಮ್ಮನನ್ನು ಮೆಟ್ಟಿಲು ಹತ್ತಿಸಿದೆ.
ನಡುವೆ ಎರಡು ಸಲ ಕೂತಳು.
ತಿಂದಳು. ಕಣ್ಣು ಮುಚ್ಚಿ ಅಗಿದಳು, ತಡವಾಗಿ ನುಂಗಿದಳು.
ಅವರಪ್ಪನ ಮಾತು ಬರುತ್ತೆ, ಮಣ್ಣಿನ ಮಾತು ಬರುತ್ತೆ ಅಂತ
ಸೌಟು ಹಿಡಿದು ನಿಂತಿದ್ದೆ.

"ಉಪ್ಪು ಒಂದು ಕಲ್ಲು ಕಮ್ಮಿ" ಅಂದಳು,
ತಟ್ಟೆ ಚಾಚಿದಳು, ಇನ್ನೊಂದಕ್ಕೆ.